ಒಂದೊಂದೇ ಅಕ್ಷರ

"ಈಗ ಯಾವ ಕೆಲಸ ಹಿಡಿದಿದ್ದೀರಿ?" ಎಂದು ಯಾರಾದರೂ ಕೇಳಿದರೆ "ಒಂದು ಸೀರಿಯಲ್‌ನ ತಪ್ಪು ತಿದ್ದುತ್ತಿದ್ದೇನೆ" ಎಂದು ಹೇಳಿ ನೋಡಿ. 2022ರ ಮಳೆಗಾಲದಲ್ಲಿ ನಾನು ಹಾಗೆ ಹೇಳಿದ್ದೇ ತಡ, ಜಯನಗರದ ನಮ್ಮ ಬೀದಿಯಲ್ಲಿ ನನ್ನ ಬೆಲೆ ಇದ್ದಕ್ಕಿದ್ದಂತೆ ಏರಿತು. ಎದುರು ಮನೆಯವರು ಯಾವ ಚಾನೆಲ್ಲು, ಎಷ್ಟು ಗಂಟೆಗೆ ಎಂದು ವಿಚಾರಿಸಿದರು. ಬನಶಂಕರಿಯ ಗೆಳತಿಯೊಬ್ಬರು ಫೋನು ಮಾಡಿ, "ಆ ಅತ್ತೆ ಪಾತ್ರದ ಬಾಯಲ್ಲಿ ಸ್ವಲ್ಪ ಒಳ್ಳೆಯ ಮಾತು ಹಾಕಿ ಪುಣ್ಯ ಕಟ್ಟಿಕೊಳ್ಳಿ" ಎಂದರು. ಅತ್ತೆಯೂ ಇಲ್ಲ, ಸೊಸೆಯೂ ಇಲ್ಲ, ಇದು ತಂತಿಯೊಳಗಿನ ಸೀರಿಯಲ್ ಎಂದು ವಿವರಿಸುವ ಹೊತ್ತಿಗೆ ಅವರ ಆಸಕ್ತಿ ಇಳಿದುಹೋಗಿತ್ತು.

ನಿಮ್ಮ ಆಸಕ್ತಿಯೂ ಇಳಿಯುವ ಮೊದಲೇ ವಿಷಯ ಹೇಳಿಬಿಡುತ್ತೇನೆ. ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಮಾಹಿತಿ ಹೋಗಬೇಕಾದರೆ ಎರಡು ದಾರಿ. ಮದುವೆ ಛತ್ರದ ಊಟದ ಮನೆಗೆ ಎಂಟು ಬಾಗಿಲು ತೆರೆದಿಟ್ಟರೆ ಎಂಟು ಜನ ಒಮ್ಮೆಗೇ ಒಳಗೆ ನುಗ್ಗಬಹುದು. ಬಾಗಿಲು ಒಂದೇ ಆದರೆ ಒಬ್ಬರ ಹಿಂದೆ ಒಬ್ಬರು. ಹೀಗೆ ಒಂದೇ ತಂತಿಯಲ್ಲಿ ಅಕ್ಷರದ ಚೂರುಗಳು ಸಾಲಾಗಿ ಹೋಗುವುದಕ್ಕೆ ಸೀರಿಯಲ್ ಎಂದು ಹೆಸರು. ಕನ್ನಡದಲ್ಲಿ ಸರಣಿ ಸಂವಹನ ಎನ್ನುತ್ತಾರೆ. ಆ ಚೂರಿಗೆ ಬಿಟ್ ಎಂದು ಹೆಸರು. ಅದು ಸೊನ್ನೆಯಾಗಿರಬೇಕು, ಇಲ್ಲವೇ ಒಂದಾಗಿರಬೇಕು. ಅಮೆರಿಕದಲ್ಲಿ 1960ರಲ್ಲಿ ಇದಕ್ಕೆಂದು ಆರ್‌ಎಸ್ 232 ಎಂಬ ಮಾನಕ ಮಾಡಿದರು. ಅರವತ್ತು ವರ್ಷ ದಾಟಿದ ಮೇಲೂ ಅದು ಕಾರ್ಖಾನೆಯ ಯಂತ್ರಗಳಲ್ಲಿ, ತೂಕದ ಯಂತ್ರಗಳಲ್ಲಿ, ಬಿಲ್ಲು ಮುದ್ರಿಸುವ ಪೆಟ್ಟಿಗೆಗಳಲ್ಲಿ ದುಡಿಯುತ್ತಲೇ ಇದೆ. ಹೀಗೆ ಮಾತಾಡಿಕೊಳ್ಳುವ ಯಂತ್ರಗಳ ಮಾತನ್ನು ಗಣಕಯಂತ್ರದ ಪರದೆಯ ಮೇಲೆ ನೋಡುವುದಕ್ಕೆ, ನಾವೂ ಒಂದು ಮಾತು ಸೇರಿಸುವುದಕ್ಕೆ ಒಂದು ಪ್ರೋಗ್ರಾಂ ಬೇಕು. ಆ ಪ್ರೋಗ್ರಾಂ ಬಳಸುವುದು ಹೇಗೆಂದು ತಿಳಿಸಲು ಒಂದು ಕೈಪಿಡಿ ಬೇಕು. ನಾನು ತಿದ್ದಿದ್ದು ಅಂಥದೊಂದು ಇಂಗ್ಲಿಷ್ ಕೈಪಿಡಿಯನ್ನು.

ಇದು ನನ್ನ ಬಳಿಗೆ ಬಂದದ್ದು ನನ್ನ ತಮ್ಮನ ಮಗಳಿಂದ. ಹುಡುಗಿ ಹಾಸನದ ಕಡೆಯ ಹಳ್ಳಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಆಮೇಲೆ ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮಾಡಿ ಜೆ.ಪಿ. ನಗರದ ಒಂದು ಸಣ್ಣ ಕಂಪನಿಗೆ ಸೇರಿದಳು. ಬಿಟಿಎಂ ಲೇಔಟಿನ ಪಿ.ಜಿ.ಯಲ್ಲಿ ವಾಸ, ಭಾನುವಾರದ ಊಟ ನಮ್ಮ ಮನೆಯಲ್ಲಿ. ಕಂಪನಿಯವರು ಕ್ಲಿನಿಕ್ಕು, ಕಚೇರಿಗಳಲ್ಲಿ ಟೋಕನ್ ಸಂಖ್ಯೆ ತೋರಿಸುವ ಫಲಕಗಳನ್ನು ಮಾಡುತ್ತಿದ್ದರು. ಅವು ಸರಿಯಾಗಿ ಕೆಲಸ ಮಾಡುತ್ತವೆಯೇ ಎಂದು ತಂತಿ ಜೋಡಿಸಿ ಪರೀಕ್ಷಿಸುವುದು ಇವಳ ಪಾಲಿನ ಕೆಲಸ.

ಒಂದು ಭಾನುವಾರ ಹುಡುಗಿ ಸಾರಿಗೆ ಅನ್ನ ಕಲಸುತ್ತಲೇ ಕೂತಳು, ತಿನ್ನಲಿಲ್ಲ. ಬಹಳ ಹೊತ್ತು ಕೆದಕಿದ ಮೇಲೆ, "ಅತ್ತೆ, ನನ್ನ ಕೈಲಿ ಆಗಲ್ಲ. ಊರಿಗೆ ಹೋಗಿಬಿಡ್ತೀನಿ" ಎಂದಳು. ಕೈಪಿಡಿ ಕೊಟ್ಟಿದ್ದಾರಂತೆ. ಎಲ್ಲರಿಗೂ ಅರ್ಥವಾಗುತ್ತದಂತೆ. ಇವಳು ನಾಲ್ಕು ಸಲ ಓದಿ, ಬರೆದಂತೆಯೇ ಮಾಡಿದರೂ ಆಗುತ್ತಿಲ್ಲವಂತೆ. "ನನ್ನ ಇಂಗ್ಲಿಷ್ ಸರಿ ಇಲ್ಲ ಅತ್ತೆ" ಎಂದು ಕಣ್ಣೊರೆಸಿಕೊಂಡಳು. ಮುಂದಿನ ವಾರ ಬರುವಾಗ ಆ ಕೈಪಿಡಿ ತೆಗೆದುಕೊಂಡು ಬಾ ಎಂದೆ.

ನಾನು ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿದವಳು. ಅಚ್ಚುಮೊಳೆಯ ಕಾಲದಿಂದ ಗಣಕಯಂತ್ರದ ಅಕ್ಷರಜೋಡಣೆಯ ಕಾಲದವರೆಗೆ ಕನ್ನಡವನ್ನೂ ಇಂಗ್ಲಿಷನ್ನೂ ನೋಡಿದ್ದೇನೆ. ಹಳ್ಳಿಯಲ್ಲಿ ಹುಟ್ಟಿದ ಗಣ್ಯರನ್ನು ಹಲ್ಲಿಯಲ್ಲಿ ಹುಟ್ಟಿಸುವ ಮೊಳೆ ಜೋಡಿಸುವವರ ಕೈಯಿಂದ ಅನೇಕರನ್ನು ಪಾರು ಮಾಡಿದ್ದೇನೆ. ನಿವೃತ್ತಳಾದ ಮೇಲೆ ಕೈಯಲ್ಲಿ ಪೆನ್ಸಿಲ್ ಇರಲಿಲ್ಲ ಅಷ್ಟೆ, ಕಣ್ಣು ಅದೇ ಕಣ್ಣು. ಅರವತ್ತನಾಲ್ಕು ಪುಟದ ಆ ಕೈಪಿಡಿಯ ಮೊದಲ ಹತ್ತು ಪುಟ ಓದಿದಾಗಲೇ ನನಗೆ ತಿಳಿಯಿತು. ಕೆಟ್ಟಿದ್ದದ್ದು ಹುಡುಗಿಯ ಇಂಗ್ಲಿಷಲ್ಲ, ಕೈಪಿಡಿಯ ಇಂಗ್ಲಿಷು.

ಪೆನ್ಸಿಲ್ ಗುರುತು ಹಾಕಿದ ಹತ್ತು ಪುಟಗಳನ್ನು ಅವಳು ಅಳುಕುತ್ತಲೇ ಮೇಲಿನವರಿಗೆ ತೋರಿಸಿದಳು. ಅವರು ಕೋಪಿಸಿಕೊಳ್ಳಲಿಲ್ಲ. "ನಿಮ್ಮ ಅತ್ತೆ ಪೂರ್ತಿ ನೋಡಿಕೊಡ್ತಾರಾ? ಬರೀ ಸ್ಪೆಲ್ಲಿಂಗ್ ನೋಡಿದರೆ ಸಾಕು" ಎಂದು ಹೇಳಿ ಕಳಿಸಿದರು.

ಬರೀ ಸ್ಪೆಲ್ಲಿಂಗ್! ಕರಡು ತಿದ್ದುವವರಿಗೆ ಗೊತ್ತು, ಸ್ಪೆಲ್ಲಿಂಗ್ ಎಂಬುದು ಬಾಗಿಲು, ಮನೆ ಅದರ ಒಳಗಿದೆ. ಮೊದಲು ಬಾಗಿಲಿನ ಮಾತನ್ನೇ ಹೇಳುತ್ತೇನೆ. ಗಣಕಯಂತ್ರವೇ ಕಾಗುಣಿತದ ತಪ್ಪು ಹಿಡಿದು ಕೆಂಪು ಗೆರೆ ಎಳೆಯುವ ಈ ಕಾಲದಲ್ಲಿ ಮನುಷ್ಯರ ಕಣ್ಣು ಯಾಕೆ ಬೇಕು ಎಂದು ನೀವು ಕೇಳಬಹುದು. ಕೈಪಿಡಿಯ ಒಂಬತ್ತನೆಯ ಪುಟದಲ್ಲಿ 'ಪೋರ್ಟ್ ಈಸ್ ನಾಟ್ ಓಪನ್' ಎಂದಿತ್ತು. ಸಂಪರ್ಕದ ಬಾಗಿಲು ತೆರೆದಿಲ್ಲ ಎಂದು ಅರ್ಥ. ಹಿಂದಿನ, ಮುಂದಿನ ವಾಕ್ಯ ನೋಡಿದರೆ ಅಲ್ಲಿ ಇರಬೇಕಾದದ್ದು 'ನೌ ಓಪನ್', ಈಗ ತೆರೆದಿದೆ ಎಂದು. ಇಂಗ್ಲಿಷಿನಲ್ಲಿ 'ನೌ' ಮತ್ತು 'ನಾಟ್' ಎರಡೂ ಮೂರಕ್ಷರದ ಪದಗಳು. ವ್ಯತ್ಯಾಸ ಕೊನೆಯ ಅಕ್ಷರದಲ್ಲಿ ಮಾತ್ರ. ಎರಡೂ ಸರಿಯಾದ ಪದಗಳಾದ್ದರಿಂದ ಯಂತ್ರ ಕೆಂಪು ಗೆರೆ ಎಳೆಯಲಿಲ್ಲ. ಓದಿದ ಹುಡುಗಿ ಮಾತ್ರ ತೆರೆದಿದ್ದ ಬಾಗಿಲನ್ನು ಮುಚ್ಚಿ ಮುಚ್ಚಿ ತೆರೆಯುತ್ತಿದ್ದಳು.

ವಿಚಿತ್ರವೆಂದರೆ, ತಪ್ಪು ಹೀಗೆ ಕಣ್ತಪ್ಪಿಸಿ ಹೋಗುವ ಬಗೆಯನ್ನು ಆ ಕೈಪಿಡಿಯೇ ನನಗೆ ಕಲಿಸಿತು. ಸರಣಿ ಸಂವಹನದಲ್ಲಿ ಪ್ಯಾರಿಟಿ ಎಂಬ ಒಂದು ಏರ್ಪಾಡಿದೆ. ಅಕ್ಷರದ ಚೂರುಗಳ ಜೊತೆಗೆ ಲೆಕ್ಕಕ್ಕೆಂದು ಒಂದು ಚೂರನ್ನು ಹೆಚ್ಚಾಗಿ ಕಳಿಸುತ್ತಾರೆ. ಒಟ್ಟು ಒಂದುಗಳ ಸಂಖ್ಯೆ ಸರಿಸಂಖ್ಯೆಯಾಗಿರಬೇಕು ಎಂದು ಎರಡು ಕಡೆಯವರೂ ಮೊದಲೇ ಒಪ್ಪಿಕೊಂಡಿರುತ್ತಾರೆ. ದಾರಿಯಲ್ಲಿ ಒಂದು ಚೂರು ಕೆಟ್ಟರೆ ಲೆಕ್ಕ ಬೆಸವಾಗುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. ಆದರೆ ಎರಡು ಚೂರು ಕೆಟ್ಟರೆ? ಲೆಕ್ಕ ಮತ್ತೆ ಸರಿಯಾಗುತ್ತದೆ, ತಪ್ಪು ಗೌರವಸ್ಥನಂತೆ ಒಳಗೆ ಬರುತ್ತದೆ. ಪೂರ್ತಿ ತಪ್ಪಾದದ್ದನ್ನು ಹಿಡಿಯುವುದು ಸುಲಭ. ಸರಿಯಂತೆಯೇ ಕಾಣುವ ತಪ್ಪಿಗೆ ಅರ್ಥ ಬಲ್ಲವರು ಕಾವಲಿರಬೇಕು.

ಬಾಗಿಲು ದಾಟಿ ಒಳಗೆ ಹೋದಾಗ ನನಗೆ ಎದುರಾದ ಮೊದಲ ಪದ 'ಸಿಂಪ್ಲಿ'. ತಂತಿಯನ್ನು ಸಿಂಪ್ಲಿ ಜೋಡಿಸಿ, ವೇಗವನ್ನು ಸಿಂಪ್ಲಿ ಆರಿಸಿ, ಆಮೇಲೆ ಸಿಂಪ್ಲಿ ಕೀಲಿ ಒತ್ತಿ. ಪುಟಕ್ಕೆ ಒಂದಾದರೂ ಇತ್ತು. ಬರೆದವರಿಗೆ ಅದು ನಿಜವಾಗಿಯೂ ಸರಳ, ಪಾಪ, ಅವರು ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ. ಓದುವವಳ ಸ್ಥಿತಿ ಯೋಚಿಸಿ. ಕೆಲಸ ಕೈಗೂಡದೆ ಪರದಾಡುತ್ತಿರುವಾಗ ಪುಸ್ತಕ 'ಇದು ಬಹಳ ಸುಲಭ' ಎನ್ನುತ್ತದೆ. ಸುಲಭವಾದದ್ದು ನನಗೆ ಬರುವುದಿಲ್ಲ ಎಂದರೆ ನಾನು ದಡ್ಡಿ ಎಂದೇ ತಾನೆ ಅರ್ಥ? ಅಡುಗೆ ಕಲಿಯುವ ವಯಸ್ಸಿನಲ್ಲಿ "ಅಯ್ಯೋ, ಅದೇನು ಮಹಾ, ಸುಮ್ಮನೆ ಹದವಾಗಿ ಹುರಿದರೆ ಆಯಿತು" ಎಂದು ಹೇಳಿಸಿಕೊಂಡು ಹಿಟ್ಟು ಸೀಯಿಸಿದವರಿಗೆಲ್ಲ ಇದು ಗೊತ್ತು. ಹದ ಯಾವುದೆಂದು ಹೇಳಬೇಕಾದ ಜಾಗದಲ್ಲಿ 'ಸುಮ್ಮನೆ' ಬಂದು ಕೂತಿರುತ್ತದೆ. ನಾನು ಆ ಕೈಪಿಡಿಯ ಎಲ್ಲ 'ಸಿಂಪ್ಲಿ'ಗಳನ್ನೂ ಹೊಡೆದುಹಾಕಿದೆ. ಒಂದು ವಾಕ್ಯಕ್ಕೂ ನಷ್ಟವಾಗಲಿಲ್ಲ.

ಎರಡನೆಯದು 'ಹಿಸ್'. ಬಳಕೆದಾರನು ತನ್ನ ತಂತಿಯನ್ನು ನೋಡಿಕೊಳ್ಳಬೇಕು, ಬಳಕೆದಾರನು ತನ್ನ ಪರದೆಯನ್ನು ಗಮನಿಸಬೇಕು. ಪರೀಕ್ಷಾ ಮೇಜಿನ ಮುಂದೆ ಕೂತಿದ್ದ ಆರು ಜನರಲ್ಲಿ ಐವರು ಹುಡುಗಿಯರು. ಎಲ್ಲ ಕಡೆ 'ನೀವು, ನಿಮ್ಮ' ಎಂದು ಬದಲಾಯಿಸಿದೆ. ನಮ್ಮ ಕನ್ನಡದಲ್ಲಿ 'ಬಳಕೆದಾರರು' ಎಂದು ಗೌರವದ ಬಹುವಚನ ಹಾಕಿದರೆ ಹೆಣ್ಣು ಗಂಡು ಇಬ್ಬರೂ ಅದರಲ್ಲಿ ಕೂರುತ್ತಾರೆ, ಜಗಳವಿಲ್ಲ.

ಮೂರನೆಯದು ಅಕ್ಷರಗುಚ್ಛಗಳು. ಆರ್‌ಟಿಎಸ್, ಸಿಟಿಎಸ್, ಡಿಟಿಇ ಎಂದು ಉದ್ದಕ್ಕೂ ಬರೆದಿದ್ದರು, ಒಂದಕ್ಕೂ ಬಿಡಿಸಿ ಹೇಳಿರಲಿಲ್ಲ. "ಇದೆಲ್ಲ ಎಲ್ಲರಿಗೂ ಗೊತ್ತಿರುತ್ತೆ" ಎಂದು ಕಂಪನಿಯಿಂದ ಉತ್ತರ ಬಂತು. ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂದು ಆ ಬಡಾವಣೆಯಲ್ಲೇ ಮನೆ ಮಾಡಿರುವವರಲ್ಲಿ ಎಷ್ಟು ಜನಕ್ಕೆ ಗೊತ್ತು, ಕೇಳಿ ಬಾ ಎಂದು ಹುಡುಗಿಯ ಕೈಲಿ ಹೇಳಿ ಕಳಿಸಿದೆ. ಮರುದಿನ ಬಿಡಿಸಿ ಬರೆಯಲು ಒಪ್ಪಿಗೆ ಬಂತು.

ಆದರೆ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟದ್ದು 'ಮೇ' ಮತ್ತು 'ಮಸ್ಟ್'. ನಮ್ಮ 'ಬಹುದು' ಮತ್ತು 'ಬೇಕು'. 1997ರಲ್ಲಿ ಸ್ಕಾಟ್ ಬ್ರ್ಯಾಡ್ನರ್ ಎಂಬುವರು ಇಂಟರ್ನೆಟ್ಟಿನ ಮಾನಕಗಳನ್ನು ಬರೆಯುವವರಿಗಾಗಿ ಒಂದು ಪುಟ್ಟ ದಾಖಲೆ ಬರೆದರು. 'ಮಸ್ಟ್' ಎಂದರೆ ಮಾಡಲೇಬೇಕು, 'ಶುಡ್' ಎಂದರೆ ಬಲವಾದ ಕಾರಣವಿಲ್ಲದೆ ಬಿಡಬಾರದು, 'ಮೇ' ಎಂದರೆ ನಿಮ್ಮ ಇಷ್ಟ ಎಂದು ಅದರಲ್ಲಿ ಒಂದೊಂದಕ್ಕೂ ಗೆರೆ ಎಳೆದಿಟ್ಟರು. ಪಂಡಿತರೇ ಕೂತು 'ಬೇಕು' ಎಂದರೇನು ಎಂದು ಬರೆದಿಡಬೇಕಾಯಿತು ಎಂದರೆ ಈ ಸಣ್ಣ ಪದಗಳಿಂದ ಎಷ್ಟು ಯಂತ್ರಗಳು ಮುನಿಸಿಕೊಂಡಿರಬೇಕು, ನೀವೇ ಊಹಿಸಿ.

ಹನ್ನೊಂದನೆಯ ಪುಟದಲ್ಲಿ ಒಂದು 'ಮೇ' ಇತ್ತು. ಅದು ಸರಿಯೋ ತಪ್ಪೋ ಓದಿ ಹೇಳುವ ಹಾಗಿರಲಿಲ್ಲ. ಹಾಗಾದರೆ ಮಾಡಿಯೇ ನೋಡೋಣ ಎಂದೆ. ಹುಡುಗಿ ಅನುಮತಿ ಪಡೆದು ಒಂದು ಫಲಕ, ಒಂದು ತಂತಿ, ಕಂಪನಿಯ ಲ್ಯಾಪ್‌ಟಾಪ್ ತಂದಳು. ನಮ್ಮ ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಸು ತೆಗೆದು ಎಲ್ಲವನ್ನೂ ಹರಡಿದೆವು. ಷರತ್ತು ಒಂದೇ. ಅವಳಿಗೆ ಗೊತ್ತಿರುವುದನ್ನು ಅವಳು ಮಾಡಕೂಡದು, ನಾನು ಕೈಪಿಡಿಯನ್ನು ಗಟ್ಟಿಯಾಗಿ ಓದಬೇಕು, ಅದರಲ್ಲಿ ಇದ್ದಷ್ಟನ್ನೇ ಅವಳು ಮಾಡಬೇಕು.

ಹನ್ನೊಂದನೆಯ ಪುಟಕ್ಕೆ ಬಂದು ನಿಂತಿತು. ಫಲಕದಿಂದ ಬಂದ ಮಾತು ಪರದೆಯ ಮೇಲೆ ಕಾಣುತ್ತಿತ್ತು. ನಾವು ಒತ್ತಿದ ಅಕ್ಷರ ಮಾತ್ರ ಆ ಕಡೆಗೆ ಹೋಗಲಿಲ್ಲ. ಮತ್ತೆ ಮೊದಲಿನಿಂದ ಓದಿದೆ, ಮತ್ತೆ ಮಾಡಿದಳು, ಮತ್ತೆ ಅಲ್ಲೇ ನಿಂತಿತು. ಅವಳ ಮುಖ ಬಾಡತೊಡಗಿತ್ತು. ನಾನು ಕೈಪಿಡಿ ಬರೆದವರಲ್ಲಿ ಒಬ್ಬನಾದ ಎಂಜಿನಿಯರಿಗೆ ಫೋನು ಮಾಡಿಸಿದೆ. ಬನಶಂಕರಿ ಎರಡನೆಯ ಹಂತದಿಂದ ಸ್ಕೂಟರಿನಲ್ಲಿ ಬಂದ. ಒಳ್ಳೆಯ ಹುಡುಗ. ಬಂದವನೇ ಸರಿಪಡಿಸಲು ಕೈ ಹಾಕಿದ. "ಬೇಡಪ್ಪ, ನೀನೂ ಓದಿಕೊಂಡೇ ಮಾಡು" ಎಂದೆ. ಓದಿಕೊಂಡು ಮಾಡಿದ. ಅವನೂ ಹನ್ನೊಂದನೆಯ ಪುಟದಲ್ಲಿ ನಿಂತ. ಒಂದು ನಿಮಿಷ ಸುಮ್ಮನಿದ್ದು, "ಇದನ್ನ ನಾವು ಯಾವಾಗಲೂ ಆಫ್ ಮಾಡ್ತೀವಿ ಆಂಟಿ. ಬರೆಯೋದೇ ಬಿಟ್ಟಿದ್ದೀವಿ" ಎಂದ.

ನಡೆದದ್ದು ಇಷ್ಟು. ಒಂದು ಯಂತ್ರ ಮಾತಾಡುವ ಮುನ್ನ ಇನ್ನೊಂದರ ಅಪ್ಪಣೆ ಕೇಳುವ ಪದ್ಧತಿ ಇದೆ, ಅದಕ್ಕೆ ಫ್ಲೋ ಕಂಟ್ರೋಲ್ ಎನ್ನುತ್ತಾರೆ. ಅಪ್ಪಣೆ ಕೇಳುವುದಕ್ಕೆ ಒಂದು ತಂತಿ, ಕೊಡುವುದಕ್ಕೆ ಇನ್ನೊಂದು ತಂತಿ ಬೇಕು. ನಮ್ಮ ಕೈಲಿದ್ದದ್ದು ಮೂರೇ ಎಳೆಯ ತಂತಿ, ಕಳಿಸಲು ಒಂದು, ಪಡೆಯಲು ಒಂದು, ನೆಲಕ್ಕೆ ಒಂದು. ಅಪ್ಪಣೆಯ ತಂತಿಯೇ ಇಲ್ಲ. ಪ್ರೋಗ್ರಾಂ ಮಾತ್ರ ಬರಲಾರದ ಅಪ್ಪಣೆಗೆ ಕಾಯುತ್ತ ಬಾಯಿ ಮುಚ್ಚಿ ಕೂತಿತ್ತು. ಫ್ಲೋ ಕಂಟ್ರೋಲನ್ನು ಆನ್ ಆಗಿಯೇ ಬಿಡ'ಬಹುದು' ಎಂದು ಕೈಪಿಡಿ ಹೇಳಿತ್ತು. ಮೂರೆಳೆಯ ತಂತಿಯಿದ್ದರೆ ಆಫ್ ಮಾಡಲೇ'ಬೇಕು' ಎಂದಿರಬೇಕಿತ್ತು. ಹುಡುಗಿ ನನ್ನ ಕಡೆ ನೋಡಿದಳು. ನಾಲ್ಕು ಸಲ ಓದಿ ನಾಲ್ಕು ಸಲವೂ ಆಗದಿದ್ದದ್ದು ಇದೇ. ಅವಳು ಆ ಹೊತ್ತು ಏನೂ ಹೇಳಲಿಲ್ಲ, ಆದರೆ ರಾತ್ರಿ ಚೆನ್ನಾಗಿ ಊಟ ಮಾಡಿದಳು.

ಇನ್ನೊಂದು 'ಬಹುದು' ನಮ್ಮ ಭಾಷೆಗೇ ಸಂಬಂಧಿಸಿದ್ದು. ಅಕ್ಷರಕ್ಕೆ ಏಳು ಚೂರನ್ನಾದರೂ ಇಡಬಹುದು, ಎಂಟನ್ನಾದರೂ ಇಡಬಹುದು ಎಂದು ಕೈಪಿಡಿಯಲ್ಲಿತ್ತು. ಇಂಗ್ಲಿಷಿನ ಮಟ್ಟಿಗೆ ಇದು ಸರಿಯೇ. ಅಮೆರಿಕದವರು 1963ರಲ್ಲಿ ಆಸ್ಕಿ ಎಂಬ ಅಕ್ಷರಪಟ್ಟಿ ಮಾಡಿದಾಗ ಅವರ ಅಕ್ಷರ, ಅಂಕಿ, ಚಿಹ್ನೆಗಳೆಲ್ಲ ಏಳು ಚೂರಿನೊಳಗೆ ಹಿಡಿಸಿದವು. ಕನ್ನಡ ಹಾಗಲ್ಲ. ಈಗ ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ ಬೈಟ್ ಎಂದರೆ ಎಂಟು ಚೂರಿನ ಒಂದು ಗಂಟು. ಸಾಮಾನ್ಯವಾಗಿ ಕಳಿಸುವ ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಮೂರು ಗಂಟು ಬೇಕು. ಇಂಗ್ಲಿಷಿನಲ್ಲಿ ಜಯನಗರ ಎಂದು ಬರೆದರೆ ಒಂಬತ್ತು ಗಂಟು, ಕನ್ನಡದ ಐದಕ್ಷರಕ್ಕೆ ಹದಿನೈದು. ನಮ್ಮ 'ಕ್ಷ' ಎಂಬ ಒಂದು ಒತ್ತಕ್ಷರಕ್ಕೇ ಒಂಬತ್ತು. ಅದೂ ಎಂಟನೆಯ ಚೂರು ಪೂರ್ತಿ ತಲುಪಿದರೆ ಮಾತ್ರ ಕನ್ನಡವಾಗಿ ಉಳಿಯುತ್ತದೆ. ಏಳನ್ನೇ ಕಳಿಸಿ ಎಂಟನೆಯದನ್ನು ಕತ್ತರಿಸಿದರೆ 'ಟೋಕನ್' ಎಂಬ ಪದ ಆ ಕಡೆ 2, 3, 2, 2, 3 ಎಂಬ ಅಂಕಿಗಳಾಗಿ, ನಡುವೆ ಸೊಟ್ಟ ಗೆರೆಗಳಾಗಿ ಹೊರಬರುತ್ತದೆ. ಪ್ರತಿ ಅಕ್ಷರದ ಜೊತೆಗೂ 'ಇದು ಕನ್ನಡ' ಎಂದು ಸಾರುವ ಗಂಟುಗಳಿರುತ್ತವಲ್ಲ, ಅವೇ ಎಂಟನೆಯ ಚೂರು ಕಳೆದುಕೊಂಡು ಹೀಗೆ ಅಂಕಿಗಳಾಗಿ ಬಿಡುತ್ತವೆ.

ಟೋಕನ್ ಫಲಕದ ಪರೀಕ್ಷೆಯಲ್ಲಿ ಅಂಕಿಗಳು ಬಂದರೆ ಯಾರಿಗೆ ಅನುಮಾನ ಬರುತ್ತದೆ ಹೇಳಿ! ಇಪ್ಪತ್ತಮೂರನೆಯ ಟೋಕನ್ ಎಂದೇ ತಿಳಿಯಬಹುದು. ಹುಡುಗಿ ಮಾತ್ರ ತನಗೆ ಕನ್ನಡ ಟೈಪಿಂಗ್ ಸರಿಯಾಗಿ ಬರುವುದಿಲ್ಲವೇನೋ ಎಂದುಕೊಂಡಿದ್ದಳು. ಮೊದಲು ಅವಳ ಇಂಗ್ಲಿಷಿನ ಮೇಲೆ ಅನುಮಾನ, ಆಮೇಲೆ ಹುಟ್ಟಿ ಬೆಳೆದ ಕನ್ನಡದ ಮೇಲೂ ಅನುಮಾನ. ಆ ಪುಟದಲ್ಲಿ ನಾನು ಒಂದೇ ವಾಕ್ಯ ಸೇರಿಸಿದೆ. ಕನ್ನಡ ಮೊದಲಾದ ಭಾರತೀಯ ಲಿಪಿಗಳಿಗೆ ಎಂಟನ್ನೇ ಇಡಬೇಕು. ಬರೀ ಸ್ಪೆಲ್ಲಿಂಗ್ ನೋಡಿ ಎಂದಿದ್ದವರು ಈ ವಾಕ್ಯಕ್ಕೆ ಮರುಮಾತಾಡಲಿಲ್ಲ.

ಹೊತ್ತಿಗೆ ಸರಿಯಾಗಿ ತಿದ್ದದಿದ್ದರೆ ತಪ್ಪಿಗೂ ವಯಸ್ಸಾಗುತ್ತದೆ, ವಯಸ್ಸಾದ ಮೇಲೆ ಅದಕ್ಕೆ ಮರ್ಯಾದೆ ಬರುತ್ತದೆ. ಯೂನಿಕ್ಸ್ ಎಂಬ ಹೆಸರಾಂತ ವ್ಯವಸ್ಥೆಯಲ್ಲಿ ಹೊಸ ಕಡತ ಸೃಷ್ಟಿಸುವ ಆಜ್ಞೆಗೆ 'ಕ್ರಿಯೇಟ್' ಎಂಬ ಪದದ ಕೊನೆಯ ಅಕ್ಷರವೇ ಇಲ್ಲ. ಮತ್ತೊಮ್ಮೆ ಮಾಡುವುದಾದರೆ ಏನು ಬದಲಾಯಿಸುತ್ತೀರಿ ಎಂದು ಅದರ ನಿರ್ಮಾತೃ ಕೆನ್ ಥಾಂಪ್ಸನ್‌ರನ್ನು ಕೇಳಿದಾಗ, ಆ ಅಕ್ಷರವನ್ನು ಸೇರಿಸುತ್ತೇನೆ ಎಂದರಂತೆ. ಅಂತರಜಾಲದಲ್ಲಿ ನೀವು ಯಾವ ಪುಟದಿಂದ ಬಂದಿರಿ ಎಂದು ತಿಳಿಸುವ 'ರೆಫರರ್' ಎಂಬ ಪದ 1996ರ ಮಾನಕದಲ್ಲಿ ಒಂದಕ್ಷರ ಕಡಿಮೆಯಾಗಿ ಅಚ್ಚಾಯಿತು. ಇವತ್ತಿಗೂ ಲೋಕದ ಎಲ್ಲ ಗಣಕಯಂತ್ರಗಳೂ ಅದನ್ನು ತಪ್ಪಾಗಿಯೇ ಬರೆಯಬೇಕು. ಸರಿಯಾಗಿ ಬರೆದರೆ ಕೆಲಸ ಕೆಡುತ್ತದೆ.

ನಮ್ಮ ಕನ್ನಡಕ್ಕೂ ಇಂಥದೊಂದು ಆಗಿದೆ. ಹಳಗನ್ನಡದ ೞ ಅಕ್ಷರ ನಿಮಗೆ ನೆನಪಿರಬಹುದು. ಮಳೆ ಆಗ 'ಮೞೆ', ಏಳು ಆಗ 'ಏೞು', ಬಾಳೆ ಆಗ 'ಬಾೞೆ'. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಈ ಅಕ್ಷರ ಎಲ್ಲೆಲ್ಲಿ ಬರುತ್ತದೆ ಎಂದು ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಅವನ ಕಾಲಕ್ಕೇ ಜನ ೞ ಮತ್ತು ಳ ಎರಡನ್ನೂ ಬೆರೆಸುತ್ತಿದ್ದಿರಬೇಕು. ನನಗೆ ಅವನು ನಮ್ಮ ಕಸುಬಿನ ಹಿರಿಯನಂತೆ ಕಾಣುತ್ತಾನೆ. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೂ ಜಾಗ ಸಿಕ್ಕಿತು, ಸಂತೋಷ. ಆದರೆ ಹೆಸರು ಬರೆಯುವಾಗ ತಪ್ಪಾಗಿ 'ಫ' ಎಂದು ಬರೆದುಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಅವರ ನಿಯಮ. ಹಾಗಾಗಿ 'ಈ ಹೆಸರು ತಪ್ಪು' ಎಂದು ಟಿಪ್ಪಣಿ ಹಾಕಿ, ಸರಿಯಾದ ಹೆಸರನ್ನು ಪಕ್ಕದಲ್ಲಿ ಬರೆದಿದ್ದಾರೆ. ಕೇಶಿರಾಜ ಕಾಪಾಡಿದ ಅಕ್ಷರ ಈಗ ಬೇರೆಯವರ ಹೆಸರು ಹೊತ್ತು ಕೂತಿದೆ.

ಹಾಗೆಂದು ಕಂಡದ್ದನ್ನೆಲ್ಲ ತಿದ್ದುವುದೂ ಸಲ್ಲದು. ಒಂಬತ್ತು ಮುಳ್ಳಿನ ಆ ತಂತಿಯ ಮೂತಿಗೆ ಎಲ್ಲರೂ ಡಿಬಿ 9 ಎನ್ನುತ್ತಾರೆ, ಪುಸ್ತಕದ ಪ್ರಕಾರ ಅದು ಡಿಇ 9. ಅಂಗಡಿಗೆ ಹೋಗಿ ಸರಿಯಾದ ಹೆಸರು ಹೇಳಿದರೆ ಅಂಗಡಿಯವನಿಗೆ ಗೊತ್ತಾಗುವುದಿಲ್ಲ. ಆ ತಪ್ಪನ್ನು ನಾನು ಹಾಗೆಯೇ ಬಿಟ್ಟೆ. ಓದುವವರಿಗೆ ವಸ್ತು ಸಿಗಬೇಕು, ಅದು ಮುಖ್ಯ.

ಈ ಬಗೆಯ ಪ್ರೋಗ್ರಾಂಗಳಲ್ಲಿ ಹೆಸರಾದದ್ದು ಕರ್ಮಿಟ್. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ಹುಟ್ಟಿತು. ಟಿ.ವಿ.ಯ ಬೊಂಬೆಯಾಟದ ಕಪ್ಪೆಯ ಹೆಸರನ್ನು ಅನುಮತಿ ಪಡೆದೇ ಇಟ್ಟರು. ಅದು ಮಾಹಿತಿಯನ್ನು ಸಣ್ಣ ಪೊಟ್ಟಣಗಳಾಗಿ ಕಟ್ಟಿ, ಪ್ರತಿ ಪೊಟ್ಟಣಕ್ಕೂ ಒಂದು ಲೆಕ್ಕದ ಚೀಟಿ ಅಂಟಿಸಿ ಕಳಿಸುತ್ತದೆ. ಲೆಕ್ಕ ಸರಿಬಂದರೆ ಆ ಕಡೆಯಿಂದ 'ಸರಿ' ಎಂದು ಉತ್ತರ. ಸರಿಬಾರದಿದ್ದರೆ 'ಇನ್ನೊಮ್ಮೆ ಕಳಿಸು' ಎಂದು ಉತ್ತರ. ಬೈಗುಳವಿಲ್ಲ, ನಿನಗೆ ಅರ್ಥವಾಗಲಿಲ್ಲವೇ ಎಂಬ ಮೂದಲಿಕೆಯಿಲ್ಲ. ಇದರ ಎಂಎಸ್ ಡಾಸ್ ಆವೃತ್ತಿಗೆ 1990ರಲ್ಲಿ ಪುಸ್ತಕರೂಪದ ಕೈಪಿಡಿ ಬರೆದವರು ಕ್ರಿಸ್ಟೀನ್ ಜಿಯಾನೋನ್ ಎಂಬ ಹೆಣ್ಣುಮಗಳು. ಇಂಗ್ಲಿಷಲ್ಲದ ಭಾಷೆಗಳ ಅಕ್ಷರಗಳೂ ಕೆಡದೆ ದಾಟಬೇಕೆಂದು ಕರ್ಮಿಟ್ಟಿನಲ್ಲಿ ನಡೆದ ಕೆಲಸದಲ್ಲೂ ಆಕೆಯ ಪಾಲಿತ್ತು. ಹೆಂಗಸರಿಗೆ ಯಂತ್ರದ ವಿಷಯ ಯಾಕೆ ಎನ್ನುವವರಿಗೆ ಹೇಳಲು ಈ ಹೆಸರು ನೆನಪಿಟ್ಟುಕೊಂಡಿದ್ದೇನೆ.

ತಿದ್ದುವಾಗ ನನಗೆ ಆಗಾಗ ನೆನಪಾಗುತ್ತಿದ್ದವರು ನಮ್ಮ ಜಯನಗರದಲ್ಲೇ ಇದ್ದ ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು. 1913ರಲ್ಲಿ ಹುಟ್ಟಿ 2021ರಲ್ಲಿ, ನೂರ ಏಳು ವರ್ಷ ತುಂಬಿದ ಮೇಲೆ, ತೀರಿಕೊಂಡರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ಪ್ರಧಾನ ಸಂಪಾದಕರಾಗಿದ್ದವರು. ಪ್ರಜಾವಾಣಿಯಲ್ಲಿ ಅವರ 'ಇಗೋ ಕನ್ನಡ' ಅಂಕಣ ಬರುತ್ತಿದ್ದಾಗ ಊರೂರಿನಿಂದ ಜನ ಒಂದೊಂದು ಪದ ಹಿಡಿದು ಪ್ರಶ್ನೆ ಕೇಳುತ್ತಿದ್ದರು. ಇಷ್ಟೂ ಗೊತ್ತಿಲ್ಲವೇ ಎಂದು ಅವರು ಯಾರನ್ನೂ ಸಣ್ಣದು ಮಾಡಿದ್ದು ನಾನು ಓದಿದ್ದರಲ್ಲಿ ಕಾಣೆ. ಕೇಳಿದವರ ಜೊತೆ ಕೂತು ಪದದ ಗಂಟು ಬಿಚ್ಚುವ ರೀತಿ ಅವರದು. ತಿದ್ದುವವರ ಕೈಯಲ್ಲಿ ಬೆತ್ತ ಇರಬೇಕಾಗಿಲ್ಲ ಎಂದು ನಾನು ಕಲಿತದ್ದು ಅಲ್ಲಿಂದ.

ಕೈಪಿಡಿ ಅಚ್ಚಾಯಿತು. ನನ್ನ ಹೆಸರು ಅದರಲ್ಲಿ ಇಲ್ಲ, ಕರಡು ತಿದ್ದುವವರ ಹೆಸರು ಎಲ್ಲಿಯೂ ಇರುವುದಿಲ್ಲ, ಅದು ವಾಡಿಕೆ. ಒಂದು ಕವರಿನಲ್ಲಿ ಸಂಭಾವನೆ ಬಂತು. ಅದರಲ್ಲಿ ಹುಡುಗಿಗೆ ಒಂದು ಕನ್ನಡ ನಿಘಂಟು, ನನಗೆ ಒಂದು ಹೊಸ ಕನ್ನಡಕ ಕೊಂಡೆವು. ಹುಡುಗಿ ಊರಿಗೆ ಹೋಗುವ ಮಾತನ್ನು ಮತ್ತೆ ಎತ್ತಲಿಲ್ಲ. ಈಗ ಹೊಸದಾಗಿ ಸೇರುವವರಿಗೆ ಅವಳೇ ಕೆಲಸ ಹೇಳಿಕೊಡುತ್ತಾಳೆ.

ಕಳೆದ ವರ್ಷ ಅವಳು ಕನ್ನಡದಲ್ಲಿ ಒಂದು ಹಾಳೆ ಬರೆದಳು, ಪರೀಕ್ಷಾ ಮೇಜಿನ ಮೇಲೆ ಅಂಟಿಸುವುದಕ್ಕೆ. ಸರಣಿ ಎನ್ನಬೇಕೋ ಸೀರಿಯಲ್ ಎನ್ನಬೇಕೋ ಎಂದು ಬಹಳ ಚರ್ಚೆ ಮಾಡಿ, ಎಲ್ಲರ ಬಾಯಲ್ಲೂ ಇರುವ ಸೀರಿಯಲ್ಲನ್ನೇ ಇಟ್ಟುಕೊಂಡಳು. ಬಾಡ್ ರೇಟ್, ಪ್ಯಾರಿಟಿಗಳೂ ಹಾಗೆಯೇ ಇದ್ದವು. 'ಬೇಕು' ಇರಬೇಕಾದಲ್ಲಿ 'ಬೇಕು' ಇತ್ತು, 'ಬಹುದು' ಇರಬಹುದಾದಲ್ಲಿ 'ಬಹುದು' ಇತ್ತು. 'ಸುಮ್ಮನೆ' ಎಂಬ ಪದ ಒಂದೂ ಇರಲಿಲ್ಲ. ನನಗೆ ತಿದ್ದಲು ತಂದುಕೊಟ್ಟಳು. ಎರಡು ಒತ್ತು, ಒಂದು ದೀರ್ಘ ಸರಿಮಾಡಿದೆ. ಹಾಳೆಯ ಕೊನೆಯಲ್ಲಿ ಅವಳು ತಾನಾಗಿಯೇ ಹೀಗೆ ಬರೆದಿದ್ದಳು: "ಇಲ್ಲಿ ಬರೆದಂತೆ ಮಾಡಿಯೂ ಆಗದಿದ್ದರೆ ಗಾಬರಿಯಾಗಬೇಡಿ. ತಪ್ಪು ಈ ಹಾಳೆಯಲ್ಲೇ ಇರಬಹುದು. ಬಂದು ಹೇಳಿ, ತಿದ್ದೋಣ."

ಆ ಸಾಲಿನಲ್ಲಿ ತಿದ್ದಲು ನನಗೇನೂ ಸಿಗಲಿಲ್ಲ.